ಮಹಾವೀರನ ಲೆಕ್ಕವೂ ನಮ್ಮೂರ ಕುಂಟೆಯೂ

ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಕುಂಟೆಗಳು ಚೌಕಕ್ಕೂ ಸೇರವು, ದುಂಡಗೂ ಇರವು, ಮೊಟ್ಟೆಯಂತೆ ಚಾಚಿಕೊಂಡಿರುತ್ತವೆ. ಇಂಥ ಆಕಾರಕ್ಕೆ ‘ಆಯತವೃತ್ತ’ ಎಂದು ಹೆಸರಿಟ್ಟು ಅಳತೆ ಹೇಳಲು ಹೊರಟವನು, ಸುಮಾರು 850ರಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯಲ್ಲಿ ‘ಗಣಿತಸಾರಸಂಗ್ರಹ’ ಬರೆದ ಜೈನ ಪಂಡಿತ ಮಹಾವೀರಾಚಾರ್ಯ.

ಅವನ ಕ್ಷೇತ್ರಗಣಿತದ ಸೊಗಸು ಕಣ್ಣಿನದು. ಜವೆಗೋಧಿಯ ಕಾಳು, ಮೃದಂಗ, ಶಂಖ, ಆನೆಯ ದಂತ ಎಲ್ಲವೂ ಅಲ್ಲಿ ಅಳತೆಗೆ ಬರುತ್ತವೆ. ಅಳತೆಯೂ ಎರಡು ಬಗೆ: ವ್ಯಾವಹಾರಿಕ, ಸೂಕ್ಷ್ಮ. ವೃತ್ತದ ಸುತ್ತಳತೆಗೆ ವ್ಯಾಸದ 3 ಪಟ್ಟು ಮೊದಲನೆಯದು, 10ರ ವರ್ಗಮೂಲದಷ್ಟು ಪಟ್ಟು ಎರಡನೆಯದು. ಅವಸರದ ಕೆಲಸಕ್ಕೊಂದು, ನಿಧಾನದ ಕೆಲಸಕ್ಕೊಂದು. ಎರಡನ್ನೂ ಬೇರೆಬೇರೆ ಹೆಸರಿಟ್ಟು ಕೊಟ್ಟದ್ದು ಪ್ರಾಮಾಣಿಕತೆ.

ಆದರೆ ‘ಸೂಕ್ಷ್ಮ’ ಎಂದದ್ದೆಲ್ಲ ಸೂಕ್ಷ್ಮವೇ? 36 ಮಾರು ಉದ್ದ, 12 ಮಾರು ಅಗಲದ ಕುಂಟೆಯನ್ನು ಅವನ ಸೂತ್ರಕ್ಕೆ ಒಡ್ಡಿ ನೋಡೋಣ. ಉದ್ದದ ವರ್ಗದ 4 ಪಟ್ಟಿಗೆ ಅಗಲದ ವರ್ಗದ 6 ಪಟ್ಟು ಕೂಡಿಸಿ ವರ್ಗಮೂಲ ತೆಗೆದರೆ ಸುತ್ತಳತೆ ಸುಮಾರು 77.8 ಮಾರು. ನಿಜವಾದದ್ದು 80.2. ಅಗಲ ಸೊನ್ನೆಯಾದರೂ ಸೂತ್ರ ಎಡವದು: ಉದ್ದದ ಎರಡರಷ್ಟು, ಅಂದರೆ ಹೋಗಿ ಬಂದ ದಾರಿಯಷ್ಟೇ ಹೇಳುತ್ತದೆ. ಇದು ಪಳಗಿದ ಕೈಯ ಕೆಲಸ.

ಹರವಿನ ಲೆಕ್ಕದಲ್ಲಿ ಮಾತ್ರ ಕಾಲು ಜಾರಿದೆ. ವೃತ್ತದ ಸುತ್ತಳತೆಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸಿದರೆ ಕ್ಷೇತ್ರಫಲ ಸಿಗುತ್ತದೆ. ಆ ವ್ಯಾಸದ ಜಾಗದಲ್ಲಿ ಅವನು ಕಿರಿಯ ಅಗಲವನ್ನು ಕೂರಿಸಿದ. ನಮ್ಮ ಕುಂಟೆಗೆ ಸುಮಾರು 233 ಚದರ ಮಾರು ಬಂತು, ಇರಬೇಕಾದದ್ದು 339. ಚತುರ್ಭುಜದಲ್ಲೂ ಇದೇ ಕಥೆ. ಅಲ್ಲಿ ಅವನು ಕೊಟ್ಟದ್ದು, ನಾಲ್ಕು ಬದಿಗಳ ಉದ್ದದಿಂದಲೇ ಕ್ಷೇತ್ರಫಲ ಹೇಳುವ, ಹಿಂದಿನ ಗಣಿತಜ್ಞ ಬ್ರಹ್ಮಗುಪ್ತನ ಸೂತ್ರ. ಅದು ನಾಲ್ಕು ಮೂಲೆಯೂ ಒಂದೇ ವೃತ್ತದ ಮೇಲಿದ್ದಾಗ ಮಾತ್ರ ಸರಿ. ಆ ಕಟ್ಟಳೆಯನ್ನು ಇವನೂ ಹೇಳಲಿಲ್ಲ. ನಾಲ್ಕು ಕೋಲಿನ ಚೌಕಟ್ಟನ್ನು ಓರೆಯಾಗಿ ಒತ್ತಿ ನೋಡಿ: ಕೋಲುಗಳು ಅಷ್ಟೇ ಉದ್ದ, ಒಳಗಿನ ಜಾಗ ಕುಗ್ಗಿತು. ಸೂತ್ರ ಮಾತ್ರ ಹಳೆಯ ಉತ್ತರವನ್ನೇ ಒಪ್ಪಿಸುತ್ತದೆ. ಸಾಧನೆ ತೋರಿಸದೆ ನಿಯಮವನ್ನಷ್ಟೇ ಕೊಡುವ ಪದ್ಧತಿಗೆ ತೆತ್ತ ಬೆಲೆ ಇದು.

ಹಾಗಿದ್ದೂ ಪುಸ್ತಕ ಬಾಳಿತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 2000ರಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂತು. ಪಹಣಿ ಕನ್ನಡದಲ್ಲಿ, ಸಂತೆಯ ಚೌಕಾಸಿ ತೆಲುಗಿನಲ್ಲಿ ನಡೆಯುವ ನಮ್ಮ ಗಡಿಸೀಮೆಗೆ ಎರಡೂ ದಕ್ಕುವಂಥವು. ಓದುವಾಗ ಕೈಯಲ್ಲೊಂದು ಹಗ್ಗವಿರಲಿ: ದಡಕ್ಕೆ ಬೇಲಿ ಹಾಕಲು ಮಹಾವೀರನನ್ನು ನಂಬಬಹುದು, ನೀರಿನ ಹರವಿಗೆ ನಾವೇ ಅಳೆಯಬೇಕು.