ಡೇರೆವಾಸದ ಗಂಟು: ಕಾಂದಿವಲಿಯಿಂದ ಪವನಾ ತೀರಕ್ಕೆ

ಮುಂಬಯಿಯ ಪಶ್ಚಿಮ ಉಪನಗರಗಳ ಮಧ್ಯಮವರ್ಗದಲ್ಲಿ, ಅದರಲ್ಲೂ ಕಾಂದಿವಲಿಯ ಠಾಕೂರ್ ವಿಲೇಜ್, ಲೋಖಂಡವಾಲಾ, ಮಹಾವೀರ್ ನಗರ, ಚಾರ್‌ಕೋಪ್ ಭಾಗದ ಹೌಸಿಂಗ್ ಸೊಸೈಟಿಗಳಲ್ಲಿ, ವಾರಾಂತ್ಯದ ಒಂದು ರಾತ್ರಿಯನ್ನು ಡೇರೆಯಲ್ಲಿ ಕಳೆದು ಬರುವ ರೂಢಿ ಈಗ ಗಟ್ಟಿಯಾಗಿ ನೆಲೆಯೂರಿದೆ. 2002ರಲ್ಲಿ ಪೂರ್ಣವಾಗಿ ತೆರೆದುಕೊಂಡ ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇ ಲೋನಾವಳದ ಆಸುಪಾಸನ್ನು ಉಪನಗರಗಳಿಗೆ ಹತ್ತಿರ ತಂದದ್ದರಿಂದ, ಪುಣೆ ಜಿಲ್ಲೆಯ ಮಾವಳ ತಾಲೂಕಿನ ಪವನಾ ಜಲಾಶಯದ ದಂಡೆ ಈ ಯಾತ್ರೆಗಳ ಮುಖ್ಯ ನೆಲೆಯಾಯಿತು. ತುಂಗ್, ತಿಕೋನಾ, ಲೋಹಗಡ ಕೋಟೆಗಳ ನಡುವೆ ಹರಡಿರುವ ಆ ಹಿನ್ನೀರಿನ ಸುತ್ತ ಸಾಲುಸಾಲು ಟೆಂಟುಗಳು ಎದ್ದಿವೆ. ಇವುಗಳಲ್ಲಿ ಬಾಗಿ ಒಳಹೋಗಬೇಕಾದ ಗುಮ್ಮಟದಾಕಾರದ ಬಾಡಿಗೆ ಟೆಂಟುಗಳು ಒಂದು ಬಗೆಯವಾದರೆ, ಮಂಚ, ಹಾಸಿಗೆ, ವಿದ್ಯುತ್ತು ಮತ್ತು ಸ್ವಂತ ಶೌಚಾಲಯವಿರುವ ದೊಡ್ಡ ಡೇರೆಗಳು ಇನ್ನೊಂದು ಬಗೆಯವು. ಎರಡನೆಯದಕ್ಕೆ ‘ಗ್ಲ್ಯಾಂಪಿಂಗ್’ ಎಂಬ ಹೆಸರಿದೆ. ಬಯಲಿನಲ್ಲಿದ್ದೂ ಮನೆಯ ಸುಖವನ್ನು ಬಿಟ್ಟುಕೊಡದ ಶಿಬಿರವಾಸ ಎಂದು ಅದರ ಅರ್ಥ. ಈ ವಾಸಕ್ಕೆ ಏನನ್ನು ಕಟ್ಟಿಕೊಂಡು ಹೋಗಬೇಕೆಂಬುದರ ಬಗ್ಗೆ ಪ್ರಚಲಿತವಾಗಿರುವ ಪಟ್ಟಿಗಳು, ಮತ್ತು ಆ ಪಟ್ಟಿಗಳನ್ನು ನಂಬಿ ಕಾರಿನ ಡಿಕ್ಕಿ ತುಂಬಿಸುವ ಅಭ್ಯಾಸ, ಇಲ್ಲಿ ಪರಿಶೀಲನೆಯ ವಿಷಯ.

ಪಟ್ಟಿಗಳ ಸ್ವರೂಪವನ್ನು ಗಮನಿಸಿದರೆ ಅವೆಲ್ಲವೂ ಡೇರೆಯನ್ನು ಖಾಲಿ ಫ್ಲ್ಯಾಟಿನಂತೆ ಕಾಣುತ್ತವೆ ಎಂಬುದು ಸ್ಪಷ್ಟವಾಗುತ್ತದೆ: ಮಿಣುಕುದೀಪಗಳ ಸರ, ದಿಂಬುಗಳ ಮೇಲೆ ದಿಂಬು, ನೆಲಕ್ಕೆ ಬಣ್ಣದ ಜಮಖಾನ, ಸುವಾಸನೆಯ ಮೇಣದಬತ್ತಿ, ಬ್ಲೂಟೂತ್ ಸ್ಪೀಕರ್, ಕಾಫಿ ಯಂತ್ರ. ಇವುಗಳಲ್ಲಿ ಬಹುಪಾಲು ವಸ್ತುಗಳು ಶಿಬಿರದವರೇ ಕೊಡುವಂಥವು, ಇಲ್ಲವೇ ಫೋಟೋದಲ್ಲಿ ಚೆಂದ ಕಾಣುವಂಥವು. ರಾತ್ರಿಯ ಎರಡು ಗಂಟೆಗೆ ಎಚ್ಚರವಾದವನಿಗೆ ಇವುಗಳಿಂದ ಆಗುವ ಉಪಕಾರ ಅತ್ಯಲ್ಪ. ಡೇರೆಯಲ್ಲಿ ಸುಖ ಕೆಡುವುದು ನೆಲದ ತಂಪು, ಬಟ್ಟೆಯ ಒಳಮೈಗೆ ಕಟ್ಟುವ ತೇವ, ಕತ್ತಲು ಮತ್ತು ಸದ್ದು ಎಂಬ ನಾಲ್ಕು ಕಾರಣಗಳಿಂದ, ಮತ್ತು ಈ ನಾಲ್ಕಕ್ಕೂ ಉತ್ತರವಾಗುವ ಸಾಮಾನುಗಳು ಅಗ್ಗದವೂ ಹಗುರಾದವೂ ಆಗಿರುವುದರಿಂದಲೋ ಏನೋ, ಪಟ್ಟಿಯ ಕೊನೆಯಲ್ಲಿ ‘ಇತರೆ’ ಎಂಬ ಮೂಲೆಗೆ ಸೇರಿಹೋಗಿವೆ.

ಡೇರೆಯೊಳಗೆ ಅರಮನೆಯನ್ನು ಕಟ್ಟುವ ಕಲ್ಪನೆ ಹೊಸತಲ್ಲ. 1874ರಲ್ಲಿ ಮೈಸೂರು ಸೀಮೆಯಲ್ಲಿ ಜಿ. ಪಿ. ಸ್ಯಾಂಡರ್ಸನ್ ಯಶಸ್ವಿಯಾಗಿ ನಡೆಸಿದ ಖೆಡ್ಡಾ, ಅಂದರೆ ಕಾಡಾನೆಗಳ ಹಿಂಡನ್ನು ಬೇಲಿಯೊಳಕ್ಕೆ ಅಟ್ಟಿ ಹಿಡಿಯುವ ಕಾರ್ಯಾಚರಣೆ, ಮುಂದೆ ಕಾಕನಕೋಟೆಯಲ್ಲಿ ಅರಸರ ಅತಿಥಿಗಳಿಗಾಗಿ ಏರ್ಪಡುವ ವೈಭವದ ನೋಟವಾಗಿ ಬೆಳೆದು 1971ರವರೆಗೂ ಆಗಾಗ ನಡೆಯಿತು. ವೈಸರಾಯರಂಥವರಿಗಾಗಿ ಕಾಡಿನ ಅಂಚಿನಲ್ಲಿ ಡೇರೆಗಳ ಊರೇ ಏಳುತ್ತಿತ್ತು. ಅಲ್ಲಿ ಸಾಮಾನು ಎಷ್ಟಿರಬೇಕೆಂಬ ಪ್ರಶ್ನೆ ಅತಿಥಿಗೆ ಬರುತ್ತಿರಲಿಲ್ಲ, ಏಕೆಂದರೆ ಹೊರುವ ಹೆಗಲುಗಳು ಬೇರೆಯವರವು. ಮುಂಬಯಿಯ ಕನ್ನಡಿಗರಿಗೆ ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಪರಂಪರೆಯ ಪರಿಚಯ ಹೆಚ್ಚು: 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗುವ ಮುನ್ನ, ಊರಿಗೆ ಹೋಗಿಬರುವ ದಕ್ಷಿಣ ಕನ್ನಡದ ಕುಟುಂಬಗಳು ಘಟ್ಟದ ದಾರಿಯ ದೀರ್ಘ ಪ್ರಯಾಣಕ್ಕೆ ಕಟ್ಟಿಕೊಳ್ಳುತ್ತಿದ್ದ ಹಾಸಿಗೆ ಸುರುಳಿ ಮತ್ತು ಬುತ್ತಿ. ಕ್ಯಾನ್ವಾಸಿನ ಹೋಲ್ಡಾಲಿನಲ್ಲಿ ಹಾಸಿಗೆ, ಹೊದಿಕೆ, ದಿಂಬು, ಬೈರಾಸು, ಒಂದು ಜೊತೆ ಬಟ್ಟೆ. ಕೈಯಲ್ಲಿ ನೀರಿನ ಕೂಜೆ, ತಿಂಡಿಯ ಡಬ್ಬಿ. ಹೊರುವವರೇ ಕಟ್ಟಿದ ಗಂಟಾದ್ದರಿಂದ ಅದರಲ್ಲಿ ಅಲಂಕಾರಕ್ಕೆ ಜಾಗವಿರಲಿಲ್ಲ. ಇಂದಿನ ಗ್ಲ್ಯಾಂಪಿಂಗ್ ಪಟ್ಟಿಗಳು ಖೆಡ್ಡಾದ ಅತಿಥಿಯ ಆಸೆಯನ್ನು ಕಾಂದಿವಲಿಯ ಸಣ್ಣ ಕಾರಿನೊಳಗೆ ತುರುಕಲು ಹೊರಟಿರುವುದೇ ಅವುಗಳ ಮೂಲದೋಷ.

ನೆಲದ ತಂಪಿನ ವಿಚಾರವನ್ನು ಸ್ವಲ್ಪ ವಿಸ್ತರಿಸಬೇಕು. ಸುಮಾರು 600 ಮೀಟರ್ ಎತ್ತರದಲ್ಲಿರುವ ಲೋನಾವಳದ ಸುತ್ತಿನಲ್ಲಿ ಡಿಸೆಂಬರ್-ಜನವರಿಯ ರಾತ್ರಿಗಳು, ಫ್ಯಾನಿಲ್ಲದೆ ಮಲಗಿ ಅಭ್ಯಾಸವಿಲ್ಲದ ಮುಂಬಯಿಯ ದೇಹಕ್ಕೆ ಅನಿರೀಕ್ಷಿತವಾಗಿ ಚಳಿಯಾಗುತ್ತವೆ. ಪಟ್ಟಿಗಳು ಇದಕ್ಕೆ ದಪ್ಪ ಹೊದಿಕೆಯನ್ನು ಸೂಚಿಸುತ್ತವೆ. ಆದರೆ ಮಲಗಿದವನ ಮೈಶಾಖ ಮೇಲಿನಿಂದ ಹೋಗುವಂತೆಯೇ ಕೆಳಗಿನಿಂದಲೂ ಹೋಗುತ್ತದೆ, ಅಲ್ಲದೆ ಗಾಳಿ ತುಂಬಿಸಿದ ಸಾದಾ ಹಾಸಿಗೆಯಲ್ಲಿ ಒಳಗಿನ ಗಾಳಿ ಸುತ್ತುತ್ತಾ ಆ ಶಾಖವನ್ನು ನೆಲಕ್ಕೆ ಒಯ್ಯುವುದರಿಂದ ಮೆತ್ತಗಿರುವ ಹಾಸಿಗೆಯೇ ತಣ್ಣಗಾಗಿರುತ್ತದೆ. ಹಾಸುಗಳ ಮೇಲೆ ನಮೂದಾಗುವ ‘ಆರ್-ವ್ಯಾಲ್ಯೂ’ ಎಂಬ ಅಂಕಿ ಶಾಖದ ಹರಿವಿಗೆ ಅವು ಒಡ್ಡುವ ತಡೆಯ ಅಳತೆ. ಅಂಕಿ ಹೆಚ್ಚಿದಷ್ಟೂ ನೆಲದ ತಂಪು ದೂರ. ಹಾಗೆಯೇ ಸ್ಲೀಪಿಂಗ್ ಬ್ಯಾಗುಗಳ ಚೀಟಿಯಲ್ಲಿ ಸುಖಕರ, ಕನಿಷ್ಠ ಮಿತಿ, ಪರಮಾವಧಿ ಎಂಬ ಮೂರು ಉಷ್ಣಾಂಶಗಳಿರುತ್ತವೆ, ಇವುಗಳಲ್ಲಿ ಮೂರನೆಯದು ಜೀವ ಉಳಿಯುವುದರ ಲೆಕ್ಕವೇ ಹೊರತು ನಿದ್ರೆಯ ಲೆಕ್ಕವಲ್ಲವಾದ್ದರಿಂದ ಕೊಳ್ಳುವವರು ನೋಡಬೇಕಾದದ್ದು ಮೊದಲನೆಯದನ್ನು. ಒಂದೆರಡು ರಾತ್ರಿಗಾಗಿ ಇವನ್ನೆಲ್ಲ ಕೊಳ್ಳಲು ಒಪ್ಪದ ಮನೆಗೆ ಕಂಬಳಿ ಸಾಕು. ಚಳ್ಳಕೆರೆ ಸೀಮೆಯ ಕುರುಬರು ದಖನಿ ಕುರಿಯ ಉಣ್ಣೆಯಿಂದ ನೇಯುವ ಒರಟು ಕಂಬಳಿಯನ್ನು ಹೊದೆಯುವ ಬದಲು ಹಾಸಿಗೆಯ ಮೇಲೆ ಹಾಸಿದರೆ ನೆಲದ ತಂಪನ್ನು ಅದು ತಡೆಯುತ್ತದೆ. ಉಣ್ಣೆಯು ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸದಿರುವುದು ಡೇರೆಯ ವಾತಾವರಣಕ್ಕೆ ಹೇಳಿಮಾಡಿಸಿದ ಗುಣ.

ಏಕೆಂದರೆ ಡೇರೆಯಲ್ಲಿ ತೇವ ಇದ್ದೇ ಇರುತ್ತದೆ. ಮಲಗಿದವರ ಉಸಿರಿನ ನೀರಾವಿ ತಣ್ಣಗಾದ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಚಳಿಗೆ ಹೆದರಿ ಗಾಳಿಕಿಂಡಿಗಳನ್ನು ಮುಚ್ಚಿದಷ್ಟೂ ಅದು ಹೆಚ್ಚುತ್ತದೆ, ಮತ್ತು ಬೆಳಗಿನ ಜಾವ ಮುಖದ ಮೇಲೆ ಬಿದ್ದ ಹನಿಯನ್ನು ಡೇರೆ ಸೋರಿತೆಂದು ತಿಳಿದು ದೂರುವವರೂ ಇದ್ದಾರೆ. ಕಿಂಡಿಗಳನ್ನು ಅರೆ ತೆರೆದಿಟ್ಟು, ಮಲಗುವ ಮುನ್ನ ಒಣಗಿದ ಕಾಲುಚೀಲ ಮತ್ತು ಕಿವಿ ಮುಚ್ಚುವ ಟೊಪ್ಪಿ ಹಾಕಿಕೊಂಡು, ಒರಸಲು ಒಂದು ಹೆಚ್ಚಿನ ಬೈರಾಸು ಇಟ್ಟುಕೊಂಡರೆ ಮುಗಿಯುವ ಸಮಸ್ಯೆಗೆ ಐಷಾರಾಮದ ಪಟ್ಟಿಗಳಲ್ಲಿ ಉತ್ತರವಿಲ್ಲ. ಅದರ ಬದಲು ಕೆಲವು ಕಡೆ ಡೇರೆಯೊಳಗೆ ಶೇಗಡಿಯನ್ನು, ಎಂದರೆ ಇದ್ದಿಲಿನ ಒಲೆಯನ್ನು, ಇಟ್ಟುಕೊಳ್ಳುವ ಅಪಾಯಕರ ಚಾಳಿ ಕಾಣುತ್ತದೆ. ಉರಿ ಆರಿದಂತೆ ಕಂಡರೂ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರನ್ನು ಎಚ್ಚರಿಸದೆಯೇ ಅದು ಕೊಲ್ಲಬಲ್ಲದು. ಪಾಲಿಯೆಸ್ಟರ್ ಬಟ್ಟೆಯ ನಡುವೆ ಸುವಾಸನೆಯ ಮೇಣದಬತ್ತಿಯನ್ನು ಹಚ್ಚುವ ಸಲಹೆಯನ್ನೂ ಇದೇ ಸಾಲಿಗೆ ಸೇರಿಸಿ ಪಟ್ಟಿಯಿಂದ ಹೊಡೆದುಹಾಕಬೇಕು.

ಕತ್ತಲಿನ ವಿಷಯದಲ್ಲಿ ಹಣೆಗೆ ಕಟ್ಟುವ ಬ್ಯಾಟರಿ ದೀಪವೊಂದು ಮಿಣುಕುದೀಪಗಳ ಇಡೀ ಸರಕ್ಕಿಂತ ಬೆಲೆಬಾಳುತ್ತದೆ, ಏಕೆಂದರೆ ಶೌಚಾಲಯಕ್ಕೆ ಹೋಗುವಾಗ ಕೈಗಳೆರಡೂ ಖಾಲಿಯಿರುತ್ತವೆ ಮತ್ತು ಕಾಲಿಡುವ ಜಾಗ ಕಾಣುತ್ತದೆ. ಸಹ್ಯಾದ್ರಿಯ ಈ ಭಾಗದಲ್ಲಿ ಇದು ಬರಿಯ ಅನುಕೂಲದ ಮಾತಲ್ಲ. ಕಟ್ಟುಹಾವು ರಾತ್ರಿ ಸಂಚರಿಸುವ, ನೆಲದ ಮೇಲೆ ಮಲಗಿದವರನ್ನು ನಿದ್ರೆಯಲ್ಲೇ ಕಚ್ಚುವ ಹಾವು. ಮಂಚ ಮತ್ತು ಅಂಚುಗಳನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದ ಸೊಳ್ಳೆಪರದೆ ಇವೆರಡೂ ಅದರಿಂದ ನಿಜವಾದ ರಕ್ಷಣೆ ಕೊಡುತ್ತವೆ. ಘಟ್ಟದ ಕೆಳಗಿನ ಕೊಂಕಣದಲ್ಲಿ ಕೆಂಪು ಚೇಳಿನ ಕಡಿತ ಒಂದು ಕಾಲಕ್ಕೆ ಎಷ್ಟು ಮಾರಕವಾಗಿತ್ತೆಂದರೆ, ರಾಯಗಡ ಜಿಲ್ಲೆಯ ಮಹಾಡದ ವೈದ್ಯ ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ರಕ್ತದೊತ್ತಡದ ಔಷಧಿಯಿಂದ ಅದಕ್ಕೆ ಚಿಕಿತ್ಸೆ ರೂಪಿಸಿ ಜಗತ್ತಿನ ಗಮನ ಸೆಳೆದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಡೇರೆಯ ಹೊರಗೆ ಬಿಟ್ಟ ಬೂಟನ್ನು ಕೊಡವಿ ಹಾಕಿಕೊಳ್ಳುವ ಅಭ್ಯಾಸಕ್ಕೆ ತೂಕವಿಲ್ಲ, ಖರ್ಚೂ ಇಲ್ಲ. ಇಷ್ಟರ ಜೊತೆಗೆ ಅತಿ ಸಮೀಪದ ಸರಕಾರಿ ಆಸ್ಪತ್ರೆಯ ದಾರಿಯನ್ನು ಮೊದಲೇ ಕೇಳಿ ತಿಳಿದಿದ್ದರೆ ಪ್ರಥಮ ಚಿಕಿತ್ಸೆಯ ಡಬ್ಬಿಯ ಮುಖ್ಯ ಕೊರತೆ ನೀಗಿದಂತೆ.

ಸದ್ದಿನ ಮಾತಿಗೆ ಬಂದರೆ, ಪಟ್ಟಿಗಳು ಸ್ಪೀಕರನ್ನು ಕಡ್ಡಾಯ ವಸ್ತುವೆಂದು ಹೇಳುವುದು ವಿಚಿತ್ರವಾಗಿದೆ. ವಾರಾಂತ್ಯದ ಪವನಾ ದಂಡೆಯಲ್ಲಿ ಒಂದು ಶಿಬಿರದ ಹಾಡು ಪಕ್ಕದ ಶಿಬಿರದ ಹಾಡಿನೊಡನೆ ಹೊಡೆದಾಡುತ್ತಿರುವಾಗ ಮೂರನೆಯದೊಂದು ಯಾರಿಗೂ ಬೇಕಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿವೆ, ಆದರೆ ನಿಯಮ ತೂರದ ಕಡೆಗೂ ಕಿವಿಗಿಡುವ ಎರಡು ಸ್ಪಂಜಿನ ತುಂಡುಗಳು ತೂರುತ್ತವೆ.

ಊಟದ ವಿಭಾಗ ಪಟ್ಟಿಗಳಲ್ಲಿ ಅತ್ಯಂತ ಉದ್ದವಾದದ್ದು, ಅತ್ಯಂತ ದುರ್ಬಲವಾದದ್ದೂ ಹೌದು. ಮ್ಯಾರಿನೇಟ್ ಮಾಡಿದ ಮಾಂಸ, ಚೀಸ್, ಹಾಲು, ಮಂಜುಗಡ್ಡೆಯ ಪೆಟ್ಟಿಗೆ ಇವೆಲ್ಲ ಘಟ್ಟದ ದಾರಿಯ ವಾಹನದಟ್ಟಣೆಯಲ್ಲಿ ಗಂಟೆಗಟ್ಟಲೆ ನಿಂತರೆ ಹಾಳಾಗುವಂಥವು. ಶಿಬಿರದವರು ಸಂಜೆಯ ಬಾರ್ಬೆಕ್ಯೂ ಮತ್ತು ರಾತ್ರಿಯ ಊಟವನ್ನು ಸಾಮಾನ್ಯವಾಗಿ ದರದಲ್ಲೇ ಸೇರಿಸಿರುತ್ತಾರೆ. ಕರಾವಳಿ ಮೂಲದ ಮನೆಗಳ ಅಡುಗೆಯಲ್ಲಿ ಇದಕ್ಕಿಂತ ಜಾಣತನದ ಪರಿಹಾರವಿದೆ. ತೇವ ತಾಗದಂತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬಹುದಿನ ಕೆಡದ ಗರಿಗರಿ ರೊಟ್ಟಿ, ಅಂದರೆ ಕೋರಿರೊಟ್ಟಿಯ ರೊಟ್ಟಿ, ಶಿಬಿರದ ಯಾವುದೇ ಬಿಸಿ ಸಾರನ್ನು ಸುರಿದುಕೊಂಡರೂ ಊಟವಾಗುತ್ತದೆ. ಚಟ್ನಿಪುಡಿ, ಅವಲಕ್ಕಿ, ಹುರಿಗಾಳು ಬೆಂಕಿಯನ್ನೂ ಫ್ರಿಜ್ಜನ್ನೂ ಕೇಳುವುದಿಲ್ಲ. ಬಿಸಿನೀರಿನ ಥರ್ಮಾಸೊಂದು ಇವಕ್ಕೆಲ್ಲ ಬೆಂಬಲ. ಮಹಾರಾಷ್ಟ್ರವು 2018ರ ಮಾರ್ಚಿನಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ-ಲೋಟಗಳನ್ನು ನಿಷೇಧಿಸಿದ್ದರಿಂದ ಮನೆಯ ಸ್ಟೀಲಿನ ತಟ್ಟೆಗಳನ್ನು ಒಯ್ಯುವುದು ಕಾನೂನಿಗೂ ಸರಿ, ಊಟದ ರುಚಿಗೂ ಸರಿ.

ಇಲ್ಲಿಯೇ ಪಟ್ಟಿಗಳ ಇನ್ನೊಂದು ಮೌನವನ್ನು ಎತ್ತಬೇಕಾಗುತ್ತದೆ. ಪವನಾ ಜಲಾಶಯ ಪಿಂಪ್ರಿ-ಚಿಂಚ್‌ವಡ ನಗರದ ಕುಡಿಯುವ ನೀರಿನ ಮೂಲ. ಆ ನೀರನ್ನು ಕೊಳವೆಯಲ್ಲಿ ಒಯ್ಯುವ ಯೋಜನೆಯನ್ನು ವಿರೋಧಿಸಿ ಮಾವಳದ ರೈತರು 2011ರ ಆಗಸ್ಟ್ 9ರಂದು ಎಕ್ಸ್‌ಪ್ರೆಸ್‌ವೇಯನ್ನು ತಡೆದಾಗ ಪೊಲೀಸ್ ಗೋಲಿಬಾರಿನಲ್ಲಿ ಮೂವರು ಸತ್ತರು. ಶಿಬಿರಕ್ಕೆ ಹೋಗುವವರ ಕಾರುಗಳು ಅದೇ ರಸ್ತೆಯಲ್ಲಿ ಸಾಗುತ್ತವೆ. ಅಣೆಕಟ್ಟಿಗೆ ಭೂಮಿ ಕಳೆದುಕೊಂಡ ಹಳ್ಳಿಗಳ ನೆರೆಯಲ್ಲಿ ಹಾಸಿಗೆ ಹಾಸುವವರು, ಪಾತ್ರೆ ತೊಳೆಯುವವರು, ಶೌಚಾಲಯಕ್ಕೆ ನೀರು ತುಂಬುವವರು ಸ್ಥಳೀಯರೇ. ಅಂದರೆ ಖೆಡ್ಡಾ ಡೇರೆಯ ಹೊರುವ ಹೆಗಲು ಇಲ್ಲಿಯೂ ಉಂಟು, ದರಪಟ್ಟಿಯ ಹಿಂದೆ ಮರೆಯಾಗಿದೆ ಅಷ್ಟೆ. ಪ್ರತಿ ಪಟ್ಟಿಯೂ ತಪ್ಪದೆ ಸೂಚಿಸುವ ಒದ್ದೆ ಕಾಗದದ ಒರೆಸುಗಳಲ್ಲಿ ಬಹುಪಾಲು ಪ್ಲಾಸ್ಟಿಕ್ ನಾರಿನವು, ಮಣ್ಣಿನಲ್ಲಿ ಕರಗದವು. ಇವುಗಳ ಬದಲು ಹತ್ತಿಯ ವಸ್ತ್ರ, ಮತ್ತು ಕಸವನ್ನು ಕಾಂದಿವಲಿಗೇ ಮರಳಿ ತರಲು ಒಂದು ಗಟ್ಟಿ ಚೀಲ ಪಟ್ಟಿಯ ಮೊದಲ ಸಾಲಿನಲ್ಲಿರಬೇಕು.

ಐಷಾರಾಮದ ನಿಜವಾದ ಪರೀಕ್ಷೆ ಮನೆಯ ಹಿರಿಯರಿಂದ ಆಗುತ್ತದೆ. ಮೊಣಕಾಲು ನೋವಿರುವ ಅಜ್ಜಿ ಬಾಗದೆ ಒಳಹೋಗಬಹುದಾದ ಬಾಗಿಲು, ಏಳಲು ಎತ್ತರವಾದ ಮಂಚ, ಹತ್ತಿರದ ಕಮೋಡು ಇವು ಗಂಟಿನಲ್ಲಿ ಕಟ್ಟಿ ಒಯ್ಯಲಾಗದ ವಸ್ತುಗಳು. ಜಾಗ ಕಾದಿರಿಸುವಾಗಲೇ ಕೇಳಿ ಖಚಿತಪಡಿಸಿಕೊಳ್ಳಬೇಕಾದವು. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಬಿಳಿಗಿರಿರಂಗನ ಬೆಟ್ಟದ ಕ್ಯಾತೆದೇವರಗುಡಿಯಂಥ ಕಡೆ ನಡೆಸುವ ಡೇರೆ-ಕುಟೀರಗಳು ಈ ದೃಷ್ಟಿಯಿಂದ ಉತ್ತಮ ಮಾದರಿ: ಗಟ್ಟಿ ನೆಲಗಟ್ಟಿನ ಮೇಲೆ ನಿಂತ ಬಟ್ಟೆಯ ಕೋಣೆ, ಜೋಡಿಸಿದ ಸ್ನಾನಗೃಹ, ಬಿಸಿಲನ್ನೂ ಮಳೆಯನ್ನೂ ಬಟ್ಟೆಗೆ ತಾಗಗೊಡದ ಮೇಲ್ಚಾವಣಿ. ಅಂಥಲ್ಲಿಗೆ ಹೋಗುವವರ ಗಂಟು ಒಂದು ಚೀಲಕ್ಕೆ ಇಳಿಯುತ್ತದೆ: ಔಷಧಿ, ದೀಪ, ಬೆಚ್ಚನೆಯ ಬಟ್ಟೆ, ದುರ್ಬೀನು. ಪವನಾದ ಗುಮ್ಮಟ ಟೆಂಟಿಗೆ ಹಿರಿಯರನ್ನು ಕರೆದೊಯ್ದು ಹತ್ತು ದಿಂಬುಗಳಿಂದ ಆ ಕೊರತೆಯನ್ನು ತುಂಬುವ ಪ್ರಯತ್ನ ಫಲಿಸುವುದಿಲ್ಲ.

ಮಳೆಗಾಲದ ಪ್ರಶ್ನೆ ಬೇರೆಯದೇ. ಲೋನಾವಳದಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದರಿಂದ ಜುಲೈ-ಆಗಸ್ಟಿನಲ್ಲಿ ಬಟ್ಟೆಯ ಡೇರೆಯನ್ನು ಐಷಾರಾಮವೆಂದು ಮಾರುವುದೇ ಅತಿಶಯೋಕ್ತಿ. ಹೋದವರು ಹಾಸು-ಹೊದಿಕೆಗಳನ್ನು ಜಲನಿರೋಧಕ ಚೀಲಗಳಲ್ಲಿ ಬೇರೆ ಬೇರೆಯಾಗಿ ಕಟ್ಟಬೇಕಾಗುತ್ತದೆ. ಮರಳಿದ ಮೇಲೆ ಆ ಒದ್ದೆ ಸಾಮಾನನ್ನು ಎಲ್ಲಿ ಒಣಗಿಸುವುದೆಂಬುದನ್ನು ಹೊರಡುವ ಮುನ್ನವೇ ಯೋಚಿಸಿರಬೇಕಾಗುತ್ತದೆ. ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ, ತೇವಭರಿತ ಗಾಳಿಯಲ್ಲಿ, ಸ್ಲೀಪಿಂಗ್ ಬ್ಯಾಗನ್ನು ಮಡಚಿ ಮಾಳಿಗೆಗೆ ಎಸೆದರೆ ಮುಂದಿನ ಚಳಿಗಾಲಕ್ಕೆ ಅದು ಬೂಷ್ಟು ಹಿಡಿದೇ ಇಳಿಯುತ್ತದೆ. ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಕಾಂದಿವಲಿಯವರಿಗೆ ಹೆಚ್ಚು ಹೊಂದುವುದು ಈ ಕಾರಣಕ್ಕೇ. ಕಂಬಳಿಯನ್ನು ಮಾತ್ರ ಎರಡು ದಿನ ಫ್ಯಾನಿನ ಕೆಳಗೆ ಹರಡಿಟ್ಟರೆ ಸಾಕು.