ಶೆಮಾ: ಆಜ್ಞೆಗೆ ಮೊದಲು ಆಲಿಸುವಿಕೆ

ಅತಿ ಶ್ರೇಷ್ಠ ಆಜ್ಞೆಯ ಕುರಿತಾದ ನಮ್ಮ ಪ್ರಬೋಧನೆಗಳು ಬಹುಮಟ್ಟಿಗೆ ಮತ್ತಾಯನ ಜಾಡಿನಲ್ಲೇ ಸಾಗುತ್ತವೆ. ದೇವರ ಮೇಲಣ ಪ್ರೀತಿಯಿಂದ ಆರಂಭಿಸಿ ನೆರೆಯವರ ಮೇಲಣ ಪ್ರೀತಿಗೆ ಬರುತ್ತವೆ. ಆದರೆ ಮಾರ್ಕನ ಶುಭಸಂದೇಶದಲ್ಲಿ (12:29) ಯೇಸುಸ್ವಾಮಿಯ ಉತ್ತರ 'ಕೇಳು' ಎಂಬ ಕರೆಯಿಂದ ಮೊದಲಾಗುತ್ತದೆ. ಮತ್ತಾಯ, ಲೂಕರ ಸಮಾನ ಭಾಗಗಳಲ್ಲಿ ಈ ವಾಕ್ಯವಿಲ್ಲ. ನಮ್ಮ ವ್ಯಾಖ್ಯಾನದಲ್ಲೂ ಅದು ಬಿಟ್ಟುಹೋದರೆ ಆಗುವ ನಷ್ಟ ಸಣ್ಣದಲ್ಲ.

ಯೆಹೂದ್ಯರು ಪ್ರತಿದಿನ ಮುಂಜಾನೆ ಮತ್ತು ಸಂಜೆ ಪಠಿಸುವ ಶೆಮಾದಲ್ಲಿ ಮೂರು ಭಾಗಗಳಿವೆ: ಧರ್ಮೋಪದೇಶಕಾಂಡ 6:4-9, 11:13-21 ಹಾಗೂ ಸಂಖ್ಯಾಕಾಂಡ 15:37-41. ಪ್ರಾರ್ಥನೆಯೆಂದು ಕರೆದರೂ ಇದರಲ್ಲಿ ಬೇಡಿಕೆಯಿಲ್ಲ. ಮಾತು ಇಸ್ರಯೇಲನ್ನು ಉದ್ದೇಶಿಸಿದ್ದು. ಪಠಿಸುವವನೇ ಕೇಳುಗನೂ ಆಗುತ್ತಾನೆ. ಮಿಶ್ನಾ ಇದನ್ನು ಸ್ವರ್ಗಸಾಮ್ರಾಜ್ಯದ ನೊಗಕ್ಕೆ ಹೆಗಲು ಕೊಡುವ ಕ್ರಿಯೆಯೆಂದು ಪರಿಗಣಿಸುತ್ತದೆ. ಕೊನೆಯ ಭಾಗ ಈಜಿಪ್ಟಿನಿಂದಾದ ಬಿಡುಗಡೆಯನ್ನು ಸ್ಮರಿಸುತ್ತದೆ. ಬಿಡಿಸಿದವರ ದನಿಗೆ ಓಗೊಡುವುದೇ ಇಲ್ಲಿ ಪ್ರೀತಿ.

ಆದ್ದರಿಂದ ಎರಡು ರೂಢಿಗಳನ್ನು ನಾವು ಒಪ್ಪಲಾರೆವು. ಒಂದು, ಶೆಮಾವನ್ನು ಏಕದೇವವಾದದ ಸೂತ್ರವೆಂದಷ್ಟೇ ಬೋಧಿಸುವುದು. ಇನ್ನೊಂದು, ಯೆಹೂದ್ಯರದು ಕಟ್ಟಳೆ, ಕ್ರೈಸ್ತರದು ಪ್ರೀತಿ ಎಂದು ಸಾರುವುದು. ಮಾರ್ಕನಲ್ಲಿ ಧರ್ಮಶಾಸ್ತ್ರಿಯು ಯೇಸುವಿನ ಉತ್ತರವನ್ನು ಮನಸಾರೆ ಒಪ್ಪುತ್ತಾನೆ; ಅವನು ದೇವರ ಸಾಮ್ರಾಜ್ಯದಿಂದ ದೂರವಿಲ್ಲವೆಂದು ಯೇಸುವೇ ಹೇಳುತ್ತಾರೆ. ಆ ಸಮ್ಮತಿಯನ್ನು ಮರೆಮಾಡಿದ ಬೋಧನೆ ಶುಭಸಂದೇಶಕ್ಕೆ ನಿಷ್ಠವಾಗಿರಲಾರದು.

ಭಾನುವಾರದ ಮುನ್ನಾರಾತ್ರಿಯ ಪ್ರಾರ್ಥನೆಗೆ ಧರ್ಮಸಭೆಯು ಧರ್ಮೋಪದೇಶಕಾಂಡ 6:4-7ನ್ನೇ ವಾಚನವಾಗಿ ಗೊತ್ತುಪಡಿಸಿದೆ. ಮರುದಿನ ಬೋಧಿಸಲಿರುವ ಗುರುವಿಗೆ ಅದು ಮೊದಲು ಹೇಳುವುದು, 'ಕೇಳು' ಎಂದು.