ಶೂಟರ್ಸ್ ಹಿಲ್ಲಿನ ಸುವರ್ಣದುರ್ಗ

ಲಂಡನ್ನಿನಿಂದ ಡೋವರ್ ಕಡೆಗೆ ಹೋಗುವ ಹಳೆಯ ಹೆದ್ದಾರಿ ಗ್ರೀನಿಚ್ ದಾಟಿದ ಮೇಲೆ ಶೂಟರ್ಸ್ ಹಿಲ್ ಎಂಬ ಗುಡ್ಡವನ್ನು ಏರಿ ಇಳಿಯುತ್ತದೆ. ನಮ್ಮ ಸದಸ್ಯರಲ್ಲಿ ಹಲವರು ಆ ದಾರಿಯಲ್ಲಿ ಓಡಾಡುವವರೇ. ರಸ್ತೆಯಿಂದ ದಕ್ಷಿಣಕ್ಕೆ, ಮರಗಳ ನಡುವೆ, 63 ಅಡಿ ಎತ್ತರದ ಒಂದು ಇಟ್ಟಿಗೆಯ ಗೋಪುರವಿದೆ. ಹೆಸರು ಸೆವರ್ನ್‌ಡ್ರೂಗ್ ಕ್ಯಾಸಲ್. ಈ 'ಡ್ರೂಗ್' ಬೇರೇನೂ ಅಲ್ಲ, ನಮ್ಮ ದುರ್ಗವೇ. ಚಿತ್ರದುರ್ಗವನ್ನು ಚಿತಲ್‌ಡ್ರೂಗ್ ಮಾಡಿದ ನಾಲಿಗೆಯೇ ಕೊಂಕಣದ ಸುವರ್ಣದುರ್ಗವನ್ನು ಸೆವರ್ನ್‌ಡ್ರೂಗ್ ಮಾಡಿತು. ಮಾಗಡಿಯ ಸಾವನದುರ್ಗವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಸಾವನದುರ್ಗ ಕಾರ್ನ್‌ವಾಲಿಸನ ಕೈಸೇರಿದ್ದು 1791ರಲ್ಲಿ. ಗೋಪುರ ಕಟ್ಟಿದ್ದು 1784ರಲ್ಲಿ.

ಇಂಥ ಕಟ್ಟಡಗಳನ್ನು ಇಂಗ್ಲಿಷರು 'ಫಾಲಿ' ಎನ್ನುತ್ತಾರೆ. ವಾಸಕ್ಕಲ್ಲ, ಕಾವಲಿಗಲ್ಲ, ಪೂಜೆಗಲ್ಲ. ಹಣವಿದ್ದವರು ನೋಟಕ್ಕಾಗಿ ಕಟ್ಟಿಸಿದ್ದು. ಹದಿನೆಂಟನೆಯ ಶತಮಾನದ ಶ್ರೀಮಂತರಿಗೆ ಇದೊಂದು ಚಾಳಿಯಾಗಿತ್ತು. ಮಾತಿನ ನೇರ ಅರ್ಥ ಮಾತ್ರ ಹುಚ್ಚುತನ. ಈ ಗೋಪುರವನ್ನು ಸುತ್ತಲಿನ ಜನ 'ಲೇಡಿ ಜೇಮ್ಸಳ ಫಾಲಿ' ಎಂದೇ ಕರೆದರು. ಆ ಹೆಸರಿನ ವಿಚಾರಕ್ಕೆ ಮುಂದೆ ಬರುತ್ತೇವೆ.

ಸರ್ ವಿಲಿಯಂ ಜೇಮ್ಸ್ ವೇಲ್ಸಿನ ಸಾಮಾನ್ಯ ಮನೆತನದಿಂದ ಬಂದವನು. 1747ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿಗೆ ಸೇರಿ, ನಾಲ್ಕೇ ವರ್ಷದಲ್ಲಿ ಬೊಂಬಾಯಿ ನೌಕಾಪಡೆಯ ಮುಖ್ಯಸ್ಥನಾದ. 1755ರ ಏಪ್ರಿಲ್ 2ರಂದು ಅವನ ಹಡಗುಗಳು ತುಳಾಜಿ ಆಂಗ್ರೆಯ ಸಮುದ್ರಕೋಟೆ ಸುವರ್ಣದುರ್ಗದ ಮೇಲೆ ಗುಂಡಿನ ಮಳೆಗರೆದವು. ಒಂದು ಗುಂಡು ಮದ್ದಿನ ಮನೆಗೆ ತಗುಲಿ ಒಳಗೆಲ್ಲ ಬೆಂಕಿಯಾಯಿತು, ಕೋಟೆ ಬಿತ್ತು. ಬೊಂಬಾಯಿಯಿಂದ ಅವನಿಗಿದ್ದ ಅಪ್ಪಣೆ ಕೋಟೆಗೆ ದಿಗ್ಬಂಧನ ಹಾಕುವಷ್ಟಕ್ಕೇ ಇತ್ತು ಎಂಬುದನ್ನೂ ನೆನೆಯಬೇಕು. ಧೈರ್ಯಶಾಲಿಯಲ್ಲ ಎಂದು ನಾವು ಹೇಳುವುದಿಲ್ಲ. 1759ರಲ್ಲಿ ಸಿರಿವಂತನಾಗಿ ಹಿಂದಿರುಗಿದ. ಎಲ್ಥಮ್ಮಿನಲ್ಲಿ ಎಸ್ಟೇಟು, ಪಾರ್ಲಿಮೆಂಟಿನಲ್ಲಿ ಸ್ಥಾನ, ಕಂಪನಿಯ ಅಧ್ಯಕ್ಷತೆ ಎಲ್ಲವೂ ಬಂದವು. 1783ರ ಡಿಸೆಂಬರಿನಲ್ಲಿ, ಮಗಳ ಮದುವೆಯ ದಿನವೇ, ತೀರಿಕೊಂಡ. ಮರುವರ್ಷವೇ ವಿಧವೆ ಆನ್ ಜೇಮ್ಸ್ ಈ ಗೋಪುರ ಕಟ್ಟಿಸಿದಳು.

ಈಗ ಬಾಗಿಲ ಮೇಲಿನ ಶಿಲಾಫಲಕಕ್ಕೆ ಬರೋಣ. ನಮ್ಮ ತಕರಾರು ಇರುವುದು ಅಲ್ಲಿಯೇ. ಮಲಬಾರ್ ತೀರದ ಸೆವರ್ನ್‌ಡ್ರೂಗ್ ಕೋಟೆಯು ಜೇಮ್ಸನ ಪರಾಕ್ರಮಕ್ಕೆ, ಜಾಣ್ಮೆಗೆ ಮಣಿಯಿತು ಎಂದು ಅದು ಹೇಳುತ್ತದೆ. ಕೊಂಕಣ ಮಲಬಾರಾದುದನ್ನು ಬಿಟ್ಟುಬಿಡೋಣ. ಆಗಿನ ಇಂಗ್ಲಿಷರಿಗೆ ಪಶ್ಚಿಮ ಕರಾವಳಿಯೆಲ್ಲ ಮಲಬಾರೇ. ಆದರೆ ಯುದ್ಧ ಕಂಪನಿ ಒಂದರದೇ ಆಗಿರಲಿಲ್ಲ. ತನ್ನ ಮಾತು ಕೇಳದ ತುಳಾಜಿಯನ್ನು ಮಣಿಸಲು ಪೇಶ್ವೆ ಬಾಲಾಜಿ ಬಾಜೀರಾವನೇ ಬೊಂಬಾಯಿಯವರೊಡನೆ ಕರಾರು ಮಾಡಿಕೊಂಡಿದ್ದ. ಮರಾಠಾ ಹಡಗುಗಳೂ ಅಲ್ಲಿದ್ದವು. ಗೆದ್ದ ಮೇಲೆ ಕರಾರಿನಂತೆ ಕೋಟೆಯನ್ನು ಪೇಶ್ವೆಯ ಜನರಿಗೇ ಒಪ್ಪಿಸಲಾಯಿತು. ಅದು ಬ್ರಿಟಿಷರ ಸ್ವತ್ತಾದದ್ದು 1818ರಲ್ಲಿ. ಫಲಕ ಇದಾವುದನ್ನೂ ಹೇಳುವುದಿಲ್ಲ. ಪೇಶ್ವೆಯ ಸುದ್ದಿಯಿಲ್ಲ, ಆಂಗ್ರೆಯ ಹೆಸರೂ ಇಲ್ಲ. ಶತ್ರುವಿನ ಹೆಸರಿಲ್ಲದ ವಿಜಯಶಾಸನ ನಮ್ಮ ಕಡೆ ಅಪರೂಪ. ಹೊಗಳುಭಟ್ಟರೆಂದು ನಾವು ನಗುವ ನಮ್ಮ ಶಾಸನಕವಿಗಳು ಸೋತವನನ್ನೂ ಹೆಸರಿಡಿದು ಕೂಗುತ್ತಾರೆ, ಗೆದ್ದವನ ಹಿರಿಮೆ ಹೆಚ್ಚಲೆಂದಾದರೂ!

ಫಲಕ ಬಿಟ್ಟ ಜಾಗವನ್ನು ಇಲ್ಲಿನ ಪುಸ್ತಕಗಳು 'ಕಡಲ್ಗಳ್ಳ' ಎಂಬ ಒಂದೇ ಮಾತಿನಿಂದ ತುಂಬುತ್ತವೆ. ಇದನ್ನು ನಮ್ಮ ಮಕ್ಕಳೂ ಓದುತ್ತಾರೆ. ಆದ್ದರಿಂದ ಸ್ವಲ್ಪ ನಿಂತು ಹೇಳಬೇಕು. ಆಂಗ್ರೆಗಳು ಮರಾಠರ 'ಸರಖೇಲ'ರು, ಅಂದರೆ ನೌಕಾಪತಿಗಳು. ತಮ್ಮ ದಸ್ತಕ್ಕು, ಎಂದರೆ ರಹದಾರಿ, ಇಲ್ಲದ ಹಡಗುಗಳನ್ನು ಅವರು ಹಿಡಿಯುತ್ತಿದ್ದರು. ಇಂಥ ರಹದಾರಿಯನ್ನು ಕಂಪನಿಯೂ ಕೊಡುತ್ತಿತ್ತು. ಒಬ್ಬನದು ತೆರಿಗೆ, ಇನ್ನೊಬ್ಬನದು ಕಳ್ಳತನ ಎಂಬ ಲೆಕ್ಕ ನಮಗೆ ಒಪ್ಪಿಗೆಯಾಗುವುದಿಲ್ಲ. ಹಾಗೆಂದು ತುಳಾಜಿ ಸಾಧುವೂ ಅಲ್ಲ. ಕಂಪನಿಯ, ಡಚ್ಚರ ಹಡಗುಗಳನ್ನು ಲೂಟಿ ಮಾಡಿದವನೇ. ಇನ್ನು ಪೇಶ್ವೆಯ ವಿಚಾರ: 1756ರಲ್ಲಿ ವಿಜಯದುರ್ಗದಲ್ಲಿ ಆಂಗ್ರೆಯ ನೌಕಾಪಡೆ ಸುಟ್ಟು ಬೂದಿಯಾದಾಗ ಮರಾಠರ ಕಡಲ ಬಲವೇ ಕುಗ್ಗಿತು. ನೆರೆಯವನನ್ನು ಕರೆದು ತನ್ನ ಮನೆಯ ತೊಲೆಯನ್ನೇ ಕಡಿಸಿಕೊಂಡಂತಾಯಿತು.

ಫಲಕದಲ್ಲಿ ಇಲ್ಲದ ಮೂರನೆಯ ಹೆಸರು ಆನ್ ಜೇಮ್ಸಳದು. ಕಟ್ಟಿಸಿದವರು ಗತಿಸಿದ ಸರ್ ವಿಲಿಯಮ್ಮನ 'ಪ್ರತಿನಿಧಿ' ಎಂದಷ್ಟೇ ಇದೆ. ಹೆಂಡತಿ ಎಂಬ ಮಾತೂ ಇಲ್ಲ. ಆಕೆ ಯಾರೋ ಅನಾಮಿಕಳಲ್ಲ. ಕಾದಂಬರಿಕಾರ ಲಾರೆನ್ಸ್ ಸ್ಟರ್ನನು ಕೇರಳದ ಅಂಜುತೆಂಗಿನಲ್ಲಿ ಹುಟ್ಟಿದ ಎಲೈಜಾ ಡ್ರೇಪರಳನ್ನು 1767ರಲ್ಲಿ ಕಂಡದ್ದು ಈ ದಂಪತಿಗಳ ಮನೆಯಲ್ಲಿ. ಮರುವರ್ಷ ಸಾಯುವ ಮುನ್ನ, ತನ್ನ ಮಗಳನ್ನು ನೋಡಿಕೊಳ್ಳಬೇಕೆಂದು ಅವನು ಪತ್ರ ಬರೆದು ಬೇಡಿಕೊಂಡದ್ದು ಈಕೆಯನ್ನೇ. ಕಲ್ಲು ಮರೆತ ಈ ಹೆಣ್ಣನ್ನು ಊರಿನವರು ನೆನಪಿಟ್ಟರು, ಹುಚ್ಚುತನ ಎಂಬ ಬಾಲ ಅಂಟಿಸಿಯಾದರೂ. ಫಲಕಕ್ಕಿಂತ ಊರಿನವರ ಮಾತೇ ನಿಜಕ್ಕೆ ಹತ್ತಿರ ಎಂಬುದು ನಮ್ಮ ಅಭಿಪ್ರಾಯ.

ಕಟ್ಟಡ ಹೇಗಿದೆ? ಚೆನ್ನಾಗಿದೆ. ಕಂಪನಿಯ ವಾಸ್ತುಶಿಲ್ಪಿ ರಿಚರ್ಡ್ ಜಪ್ಪ್‌ನ ಕೆಲಸ: ತ್ರಿಕೋನದ ತಳ, ಮೂಲೆಗೊಂದರಂತೆ ಆರು ಮುಖದ ಮೂರು ಬುರುಜು, ಚೂಪು ಕಮಾನಿನ ಗಾಥಿಕ್ ಕಿಟಕಿಗಳು. ಹರ್ಣೆಯ ಕಡಲಿನಲ್ಲಿ ನಡುಗಡ್ಡೆಯನ್ನೇ ಬಳಸಿ ಹಬ್ಬಿರುವ ಸುವರ್ಣದುರ್ಗಕ್ಕೂ ಇದಕ್ಕೂ ರೂಪದಲ್ಲಿ ಯಾವ ಹೋಲಿಕೆಯೂ ಇಲ್ಲ. ಹೆಸರು ಅಲ್ಲಿಯದು, ಮೈ ಇಲ್ಲಿಯದು. ಕೆಲಸಕ್ಕೆ ಬಾರದ್ದು ಎಂಬ ಮಾತೂ ಪೂರ್ತಿ ಸರಿಯಲ್ಲ. ಗ್ರೀನಿಚ್ ಮತ್ತು ಪ್ಯಾರಿಸ್ ವೀಕ್ಷಣಾಲಯಗಳನ್ನು ತ್ರಿಕೋನಗಳಿಂದ ಜೋಡಿಸಿದ ಜನರಲ್ ವಿಲಿಯಂ ರಾಯ್‌ನ ಮೋಜಣಿಗೆ, ಮೂರು ಅಡಿ ಅಗಲದ ಥಿಯೊಡೊಲೈಟನ್ನು ಇದರ ಮಾಳಿಗೆಗೆ ಏರಿಸಿದ್ದರು. ಅದೇ ವಿಧಾನವನ್ನು, ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಬೆಂಗಳೂರಿನಲ್ಲಿ ಆಧಾರರೇಖೆ ಅಳೆದು ಲ್ಯಾಂಬ್ಟನ್ ಮೈಸೂರು ಸೀಮೆಗೆ ತಂದ.

ಮುಂದಿನ ಒಡೆಯರ ಕಥೆ ಚಿಕ್ಕದು. ಲೇಡಿ ಜೇಮ್ಸ್ 1798ರಲ್ಲಿ ತೀರಿಕೊಂಡ ಮೇಲೆ ಗೋಪುರ ಕೈಯಿಂದ ಕೈಗೆ ಹೋಯಿತು. ಲಂಡನ್ನಿನ ಮಾಜಿ ಶೆರೀಫ್ ಜಾನ್ ಬ್ಲೇಡ್ಸ್, ಹಡಗುಗಳ ಮಾಲೀಕನೊಬ್ಬ, ಹೀಗೆ. 1922ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಕೊಂಡು ಜನರಿಗೆ ತೆರೆಯಿತು. ಕೆಳಗೆ ಚಹಾ ತಿಂಡಿಯೂ ಸಿಗುತ್ತಿತ್ತು. 1986ರಲ್ಲಿ ಗ್ರೀನಿಚ್ ಕೌನ್ಸಿಲ್ಲಿನ ಪಾಲಿಗೆ ಬಂತು, ಖರ್ಚು ನಿಭಾಯಿಸಲಾಗದೆ 1988ರಲ್ಲಿ ಹಲಗೆ ಹೊಡೆದು ಮುಚ್ಚಿದರು. 2002ರಲ್ಲಿ ಊರಿನವರು ಟ್ರಸ್ಟ್ ಕಟ್ಟಿಕೊಂಡರು. 2004ರಲ್ಲಿ ಬಿಬಿಸಿಯ 'ರೆಸ್ಟೊರೇಷನ್' ಸ್ಪರ್ಧೆಯಲ್ಲಿ ಕಾಣಿಸಿಕೊಂಡರೂ ಬಹುಮಾನ ಬರಲಿಲ್ಲ. ಬಿಡದೆ ಓಡಾಡಿ, ಲಾಟರಿ ನಿಧಿಯ ನೆರವು ಪಡೆದು, 2014ರ ಜುಲೈಯಲ್ಲಿ ಮತ್ತೆ ಬಾಗಿಲು ತೆರೆಸಿದರು.

ಫಾಲ್ಕನ್‌ವುಡ್ ರೈಲು ನಿಲ್ದಾಣದಿಂದ ಆಕ್ಸ್‌ಲೀಸ್ ಕಾಡಿನ ಮೂಲಕ ನಡೆದು ಹೋಗಬಹುದು. ಯಾವ ದಿನ ತೆರೆದಿರುತ್ತದೆಂದು ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ಮಕ್ಕಳು ಮೇಲೆ ಹತ್ತಿ ಲಂಡನ್ ನೋಡುತ್ತಿರುವಾಗ, ಮೊಣಕಾಲು ನೋವಿನ ಹಿರಿಯರು ಕೆಳಗೇ ನಿಂತು ಬಾಗಿಲ ಮೇಲಿನ ಬರಹವನ್ನು ಓದಬಹುದು.